ಕಂಡ ಮೇಲೆ ಸುಮ್ಮನಿರುವುದು ಹೇಗೆ?

ಬೆಳಗಿನ ಆರೂವರೆ. ಹೆದ್ದಾರಿ ಬದಿಯ ಹೋಟೆಲಿನ ಮುಂದೆ ಎರಡು ಬಸ್ಸುಗಳು ಬಂದು ನಿಂತಿವೆ. ಒಳಗೆ ಇಡ್ಲಿಯ ಹಬೆ, ಹೊರಗೆ ಬೈಟೂ ಕಾಫಿಗೆ ಕೂಗು. ತನ್ನದಲ್ಲದ ಅಳತೆಯ ಅಂಗಿ ತೊಟ್ಟ ಹುಡುಗನೊಬ್ಬ ಒದ್ದೆ ಬಟ್ಟೆ ಹಿಡಿದು ಟೇಬಲ್ಲಿನಿಂದ ಟೇಬಲ್ಲಿಗೆ ಓಡಾಡುತ್ತಿದ್ದಾನೆ. ಹನ್ನೊಂದೋ ಹನ್ನೆರಡೋ ವಯಸ್ಸಿರಬೇಕು. ಎಂಜಲು ಲೋಟಗಳನ್ನು ಬೆರಳಿಗೆ ಸಿಕ್ಕಿಸಿಕೊಂಡು ಹಿತ್ತಿಲಿಗೆ ಹೋಗುತ್ತಾನೆ, ಬರುತ್ತಾನೆ.

ಕಾಫಿ ಕುಡಿಯುತ್ತಿದ್ದವರೊಬ್ಬರು ‘ಸ್ಕೂಲಿಗೆ ಹೋಗಲ್ವೇನೋ?’ ಎನ್ನುತ್ತಾರೆ. ಹುಡುಗ ನಗುತ್ತಾನೆ. ಗಲ್ಲಾದ ಮೇಲೆ ಕೂತವರು ಇತ್ತ ನೋಡುತ್ತಾರೆ. ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದುತ್ತಾನೆ. ಪ್ರಯಾಣಿಕರು ಎದ್ದು ಹೋಗುತ್ತಾರೆ. ಆದರೆ ಆ ನಗು ಅವರಲ್ಲಿ ಕೆಲವರ ಜೊತೆ ಬಸ್ಸು ಹತ್ತುತ್ತದೆ. ಮಧ್ಯಾಹ್ನ ಊಟಕ್ಕೆ ಕೂತಾಗ, ರಾತ್ರಿ ಮಗಳ ಹೋಂವರ್ಕ್ ನೋಡುವಾಗ ಅದು ಮತ್ತೆ ಎದುರಿಗೆ ಬರುತ್ತದೆ.

ರಾತ್ರಿ ಮೊಬೈಲ್ ತೆರೆದರೆ ಅಲ್ಲೂ ಮಕ್ಕಳೇ. ಯುದ್ಧದಲ್ಲಿ ಮನೆ ಕಳೆದುಕೊಂಡವರು, ಹೊಡೆತ ತಿಂದವರು, ಮದುವೆ ಮಂಟಪದಿಂದ ಬಿಡಿಸಿಕೊಂಡು ಬಂದ ಹುಡುಗಿಯರು. ನೋಡಿದರೆ ಸಂಕಟ, ನೋಡದೆ ಮುಂದೆ ಸರಿಸಿದರೆ ಅಪರಾಧ ಮಾಡಿದ ಭಾವ. ನಿದ್ದೆ ಬಾರದ ಆ ಹೊತ್ತಿಗೆ ನಮ್ಮಲ್ಲಿ ಅನೇಕರು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇಷ್ಟೆಲ್ಲ ಗೊತ್ತಿದ್ದೂ ನಾನು ನೆಮ್ಮದಿಯಾಗಿ ಇರುವುದು ಸರಿಯೇ? ಇರಲು ಸಾಧ್ಯವೇ?

ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಚಲಾವಣೆಯಲ್ಲಿವೆ. ಸುದ್ದಿ ನೋಡಬೇಡಿ, ಧ್ಯಾನ ಮಾಡಿ, ನಿಮ್ಮ ಮನಸ್ಸನ್ನು ನೀವು ಕಾಪಾಡಿಕೊಳ್ಳಿ ಎನ್ನುವುದು ಒಂದು. ಲೋಕ ಉರಿಯುತ್ತಿರುವಾಗ ನಿನಗೆಂಥ ನೆಮ್ಮದಿ ಎಂದು ಗದರುವುದು ಇನ್ನೊಂದು. ಎರಡೂ ಅರೆಬೆಂದ ಮಾತುಗಳೆಂದು ನನ್ನ ನಂಬಿಕೆ. ಮನಶ್ಶಾಸ್ತ್ರ ಈ ಬಗ್ಗೆ ಕಂಡುಕೊಂಡದ್ದನ್ನೂ ನಮ್ಮ ನಾಡಿನಲ್ಲಿ ನಡೆದ ಕೆಲಸಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬೇರೆಯದೇ ಉತ್ತರ ಸಿಗುತ್ತದೆ.

ಒಬ್ಬಳ ಮುಖ, ಲಕ್ಷದ ಲೆಕ್ಕ

ಮೊದಲಿಗೆ, ಒಂದು ಮಗುವಿಗೆ ಮಿಡಿಯುವ ಮನಸ್ಸು ಲಕ್ಷ ಮಕ್ಕಳ ಮುಂದೆ ಏಕೆ ಮರಗಟ್ಟುತ್ತದೆ ಎಂಬುದನ್ನು ನೋಡೋಣ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 5ರಿಂದ 14 ವರ್ಷದೊಳಗಿನ 1 ಕೋಟಿಗೂ ಹೆಚ್ಚು ಮಕ್ಕಳು ದುಡಿಯುತ್ತಿದ್ದರು. ಕರ್ನಾಟಕದ ಪಾಲೇ ಲಕ್ಷಗಟ್ಟಲೆ. ಈ ಸಾಲನ್ನು ಓದಿದಾಗ ನಿಮಗೆ ಆದದ್ದಕ್ಕಿಂತ ಹೆಚ್ಚು ಸಂಕಟ ಆ ಹೋಟೆಲ್ ಹುಡುಗನ ವಿಷಯ ಓದಿದಾಗ ಆಗಿರಬಹುದು.

ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷೆಗೆ ಒಡ್ಡಿತ್ತು. ಒಂದು ಗುಂಪಿಗೆ ಆಫ್ರಿಕಾದ ಮಾಲಿ ದೇಶದ ಏಳು ವರ್ಷದ ರೋಕಿಯಾ ಎಂಬ ಹುಡುಗಿಯ ಚಿತ್ರ ಮತ್ತು ಕಥೆ ಕೊಟ್ಟರು. ಇನ್ನೊಂದು ಗುಂಪಿಗೆ ಆಫ್ರಿಕಾದ ಹಸಿವಿನ ಅಂಕಿಅಂಶ ಕೊಟ್ಟರು. ಹುಡುಗಿಯನ್ನು ಕಂಡವರು ಸುಮಾರು ಎರಡು ಪಟ್ಟು ಹೆಚ್ಚು ಹಣ ಕೊಟ್ಟರು. ಚಿತ್ರ, ಅಂಕಿಅಂಶ ಎರಡನ್ನೂ ಒಟ್ಟಿಗೆ ಕೊಟ್ಟಾಗ ನೆರವು ಹೆಚ್ಚಬೇಕಿತ್ತು, ಅದು ಇಳಿಯಿತು. ಲೆಕ್ಕ ದೊಡ್ಡದಾದಷ್ಟೂ ‘ನನ್ನಿಂದೇನಾದೀತು’ ಎಂಬ ಭಾವ ಒಳಗೆ ಬರುತ್ತದೆ, ಮರುಕ ಹಿಂದೆ ಸರಿಯುತ್ತದೆ.

ಹಾಗೆ ಮರಗಟ್ಟುವವರು ಕಲ್ಲೆದೆಯವರು ಎಂದುಕೊಳ್ಳಬೇಕಿಲ್ಲ. ಮನುಷ್ಯನ ಮನಸ್ಸು ಕಣ್ಣೆದುರಿನ ಮಗುವಿಗೆ ತಕ್ಕಂತೆ ರೂಪುಗೊಂಡಿದೆ. ಅಂಗೈಯಗಲದ ಪರದೆಯಲ್ಲಿ ಒಂದೇ ರಾತ್ರಿ ಹತ್ತು ದೇಶಗಳ ಮಕ್ಕಳ ಅಳು ಕೇಳಿಸಿಕೊಳ್ಳುವ ಸ್ಥಿತಿ ಹಿಂದಿನ ಯಾವ ತಲೆಮಾರಿಗೂ ಇರಲಿಲ್ಲ.

ಅಸಹಾಯಕತೆಯಿಂದ ಆರೋಪಕ್ಕೆ

ಮರಗಟ್ಟುವುದಕ್ಕಿಂತ ಹೆಚ್ಚು ಅಪಾಯಕಾರಿಯಾದ ಇನ್ನೊಂದು ದಾರಿಯಿದೆ. ‘ಅವರಪ್ಪ ಕುಡುಕ, ಅದಕ್ಕೇ ಹೀಗೆ.’ ‘ಈ ಜನರೇ ಹಾಗೆ, ಓದಿಸೋ ಮನಸ್ಸೇ ಇಲ್ಲ.’ ‘ಸಾಕೋಕಾಗದಿದ್ದ ಮೇಲೆ ಯಾಕೆ ಹೆರಬೇಕಿತ್ತು?’ ಇಂಥ ಮಾತುಗಳನ್ನು ಕೆಟ್ಟವರೇ ಆಡುತ್ತಾರೆ ಎಂದೇನಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ಒಳ್ಳೆಯವರೆಂದು ನಮಗೆ ಗೊತ್ತಿರುವವರ ಬಾಯಲ್ಲೇ ಕೇಳುತ್ತೇವೆ.

ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ 1966ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಪ್ಪು ಉತ್ತರ ಕೊಟ್ಟಾಗಲೆಲ್ಲ ವಿದ್ಯುತ್ ಆಘಾತಕ್ಕೆ ಒಳಗಾಗುವಂತೆ ನಟಿಸುವ ಹೆಣ್ಣುಮಗಳೊಬ್ಬಳನ್ನು ಜನರಿಗೆ ತೋರಿಸಲಾಯಿತು. ಆಕೆಯ ನೋವು ನಿಜವೆಂದೇ ಅವರು ನಂಬಿದ್ದರು. ಅದನ್ನು ನಿಲ್ಲಿಸುವ ಅವಕಾಶ ಸಿಕ್ಕವರು ಆಕೆಯನ್ನು ಗೌರವದಿಂದಲೇ ಕಂಡರು. ಸುಮ್ಮನೆ ನೋಡುತ್ತ ಕೂರಬೇಕಾದವರು ನಿಧಾನಕ್ಕೆ ಆಕೆಯನ್ನೇ ಹಗುರವಾಗಿ ಕಾಣತೊಡಗಿದರು. ಲೋಕ ನ್ಯಾಯವಾಗಿದೆ ಎಂಬ ನಂಬಿಕೆ ನಮಗೆ ಬೇಕು. ನೋವು ತಡೆಯುವ ದಾರಿ ಕಾಣದಾಗ, ನೋವುಂಡವರದ್ದೇ ಏನೋ ತಪ್ಪಿರಬೇಕು ಎಂದು ಹೇಳಿಕೊಂಡು ಆ ನಂಬಿಕೆಯನ್ನು ಉಳಿಸಿಕೊಳ್ಳುತ್ತೇವೆ.

ನಮ್ಮ ಸಮಾಜದಲ್ಲಿ ಈ ಅಭ್ಯಾಸಕ್ಕೆ ಜಾತಿಯ ಬೆಂಬಲವೂ ಸಿಗುತ್ತದೆ. ಹಣೆಬರಹ, ಪೂರ್ವಜನ್ಮದ ಕರ್ಮ ಎಂಬ ಮಾತುಗಳು ಹಸಿದ ಮಗುವಿನ ಪಾಲಿಗೆ ತೀರ್ಪಿನಂತೆ ಬರುತ್ತವೆ. ಆ ಮಗು ದಲಿತ ಕೇರಿಯದೋ ಅಲೆಮಾರಿಗಳ ಗುಡಾರದ್ದೋ ಆಗಿದ್ದರಂತೂ ಪ್ರಶ್ನೆಯೇ ಏಳುವುದಿಲ್ಲ. ಏನೂ ಮಾಡದೆ ಕೂರುವವರ ನೆಮ್ಮದಿಗೆ ಇನ್ನೊಬ್ಬರ ಮಗು ತೆರುವ ಬೆಲೆ ಇದು.

ಜೊತೆಗೆ ನೋಯುವುದು, ಜೊತೆಗೆ ನಿಲ್ಲುವುದು

ಹಾಗಾದರೆ ಮಿಡಿಯುವ ಮನಸ್ಸು ಕುಸಿಯದೆ ಉಳಿಯುವುದು ಹೇಗೆ? ಜರ್ಮನಿಯ ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಓಲ್ಗಾ ಕ್ಲಿಮೆಕಿ ಮತ್ತು ತಾನಿಯಾ ಸಿಂಗರ್ ಇದರ ಬೆನ್ನು ಹತ್ತಿದರು. ಅವರು ಜನರಿಗೆ ಇತರರ ಯಾತನೆಯ ವಿಡಿಯೊಗಳನ್ನು ತೋರಿಸಿ ಮಿದುಳಿನ ಚಟುವಟಿಕೆಯನ್ನು ಗಮನಿಸಿದರು. ಮೊದಲು ಇನ್ನೊಬ್ಬರ ನೋವನ್ನು ತಮ್ಮದೇ ಎಂಬಂತೆ ಅನುಭವಿಸುವ ತರಬೇತಿ ಕೊಟ್ಟರು. ಅದರಿಂದ ಸಂಕಟ ಹೆಚ್ಚಿತು, ಮನಸ್ಸು ಕುಗ್ಗಿತು. ಅವರಿಗೇ ಮುಂದೆ, ನೊಂದವರಿಗೆ ಒಳಿತಾಗಲಿ ಎಂಬ ಅಕ್ಕರೆಯನ್ನು ಬೆಳೆಸಿಕೊಳ್ಳುವ ತರಬೇತಿ ಕೊಟ್ಟರು. ಅದೇ ಬಗೆಯ ದೃಶ್ಯಗಳು, ಅದೇ ಜನ. ಈಗ ಮಿದುಳಿನಲ್ಲಿ ಚುರುಕಾದದ್ದು ಬೇರೆ ಭಾಗಗಳು, ಮನಸ್ಸಿನಲ್ಲಿ ಮೂಡಿದ್ದು ಬೆಚ್ಚನೆಯ ಭಾವ. 2014ರಲ್ಲಿ ಇದು ಪ್ರಕಟವಾಯಿತು.

ಬಾವಿಗೆ ಬಿದ್ದವನನ್ನು ಮೇಲೆತ್ತಲು ತಾನೂ ಬಾವಿಗೆ ಹಾರುವವನಿಗಿಂತ ಹಗ್ಗ ಇಳಿಬಿಡುವವನು ಹೆಚ್ಚು ಉಪಕಾರಿ. ಹಗ್ಗ ಹಿಡಿದವನ ಕಾಲು ನೆಲದ ಮೇಲೆ ಗಟ್ಟಿಯಾಗಿ ಊರಿರಬೇಕು. ಹಾಗಾಗಿ ಸಮಯಕ್ಕೆ ಉಣ್ಣುವುದು, ನಿದ್ದೆ ಮಾಡುವುದು, ಮನೆಯ ಮಕ್ಕಳ ಜೊತೆ ಆಡುವುದು ಯಾರಿಗೂ ಮಾಡುವ ದ್ರೋಹವಲ್ಲ. ಮಲಗುವ ಮುನ್ನ ನೊಂದ ಮಕ್ಕಳ ವಿಡಿಯೊಗಳನ್ನು ಒಂದರ ಮೇಲೊಂದು ನೋಡಿದರೆ ಆ ಮಕ್ಕಳಿಗೆ ಒಂದು ತುತ್ತೂ ಹೆಚ್ಚು ಸಿಗುವುದಿಲ್ಲ. ಅದನ್ನು ನಿಲ್ಲಿಸುವುದು ಒಳ್ಳೆಯದೇ. ಆದರೆ ಅಲ್ಲಿಗೇ ನಿಂತರೆ ಸಾಲದು. ಸಂಕಟಕ್ಕೆ ಕೈಕಾಲು ಮೂಡಬೇಕು. ಅದೂ ಒಬ್ಬಂಟಿಯಾಗಿ ಅಲ್ಲ, ನಾಲ್ಕು ಜನರ ಜೊತೆ.

ಉಗ್ರಾಣದ ಧಾನ್ಯ, ಶಾಲೆಯ ಊಟ

ಈ ಮಾತಿಗೆ ನಮ್ಮ ದೇಶದಲ್ಲೇ ದೊಡ್ಡ ಸಾಕ್ಷಿಯಿದೆ. 2001ರ ಹೊತ್ತಿಗೆ ರಾಜಸ್ಥಾನ ಬರದಿಂದ ಬೆಂದಿತ್ತು. ಹಳ್ಳಿಗಳಲ್ಲಿ ಜನ ಹಸಿದಿದ್ದರು. ಭಾರತೀಯ ಆಹಾರ ನಿಗಮದ ಗೋದಾಮುಗಳಲ್ಲಿ ಮಾತ್ರ ಧಾನ್ಯ ತುಂಬಿ ತುಳುಕುತ್ತಿತ್ತು. ಇದನ್ನು ಕಂಡು ಕಣ್ಣೀರು ಹಾಕಿದವರು ಎಷ್ಟೋ ಜನ ಇದ್ದಿರಬೇಕು. ಆ ರಾಜ್ಯದ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯವರು ಆ ವರ್ಷದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಧಾನ್ಯ ಇದ್ದೂ ಜನ ಹಸಿದಿರುವುದು ಬದುಕುವ ಹಕ್ಕಿನ ಉಲ್ಲಂಘನೆ ಎನ್ನುವುದು ಅವರ ವಾದವಾಗಿತ್ತು.

2001ರ ನವೆಂಬರ್ 28ರಂದು ನ್ಯಾಯಾಲಯ ಮಧ್ಯಂತರ ಆದೇಶ ಕೊಟ್ಟಿತು. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ಬೇಯಿಸಿದ ಬಿಸಿಯೂಟ ಕೊಡಬೇಕು, ಅದರಲ್ಲಿ ಕನಿಷ್ಠ 300 ಕ್ಯಾಲೊರಿ ಮತ್ತು 8ರಿಂದ 12 ಗ್ರಾಂ ಪ್ರೋಟೀನ್ ಇರಬೇಕು, ವರ್ಷಕ್ಕೆ ಕನಿಷ್ಠ 200 ದಿನ ಕೊಡಬೇಕು ಎಂದಿತು. ಮರುವರ್ಷ ಕರ್ನಾಟಕದಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಿಂದ ‘ಅಕ್ಷರ ದಾಸೋಹ’ ಶುರುವಾಯಿತು. ಆಮೇಲೆ ಇಡೀ ರಾಜ್ಯಕ್ಕೆ ಹಬ್ಬಿತು.

ಇಂದು ನಮ್ಮೂರಿನ ಶಾಲೆಯ ಜಗುಲಿಯಲ್ಲಿ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂರುವುದು ಎಷ್ಟು ಸಹಜವಾಗಿದೆಯೆಂದರೆ, ಅದರ ಹಿಂದೆ ಒಂದು ಜಗಳವಿತ್ತು ಎಂಬುದೇ ಮರೆತುಹೋಗಿದೆ. ತಮಿಳುನಾಡು ಕಾಮರಾಜರ ಕಾಲದಲ್ಲಿ, ಮತ್ತೆ 1982ರಲ್ಲಿ ಎಂ.ಜಿ. ರಾಮಚಂದ್ರನ್ ಅವರ ಕಾಲದಲ್ಲಿ ಈ ದಾರಿ ತೋರಿಸಿತ್ತು. ಆದರೆ ಇದನ್ನು ದೇಶದ ಪ್ರತಿ ಮಗುವಿನ ಹಕ್ಕು ಎಂದು ಕೇಳಿ ಪಡೆಯಲು ಅರ್ಜಿ ಬರೆಯುವವರು, ದಾಖಲೆ ಹೊರುವವರು, ವರ್ಷಗಟ್ಟಲೆ ಕೋರ್ಟಿಗೆ ಅಲೆಯುವವರು ಬೇಕಾದರು. ಒಬ್ಬೊಬ್ಬರ ಕರುಣೆ ಒಂದು ದಿನದ ಊಟ ಕೊಡಬಲ್ಲದು. ಜೊತೆಗೂಡಿದ ಕರುಣೆ ನ್ಯಾಯ ಕೇಳುತ್ತದೆ, ಅದರ ಫಲ ಹತ್ತಾರು ವರ್ಷ ಉಳಿಯುತ್ತದೆ.

ಕಾಲುಸಂಕ ಕೇಳಿದ ಮಕ್ಕಳು

ಇನ್ನೊಂದು ಸಾಕ್ಷಿ ನಮ್ಮ ಕರಾವಳಿಯದು. ಬೆಂಗಳೂರು, ಮುಂಬೈಗಳ ಹೋಟೆಲುಗಳಿಗೆ ಕುಂದಾಪುರದ ಕಡೆಯ ಹುಡುಗರು ಹೋಗುತ್ತಿದ್ದದ್ದು ಹಳೆಯ ಕಥೆ. ದುಡಿಯುವ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ಒತ್ತಾಸೆಯಿಂದ 1990ರಲ್ಲಿ ‘ಭೀಮ ಸಂಘ’ ಎಂಬ ಬಾಲಕಾರ್ಮಿಕರದ್ದೇ ಸಂಘಟನೆ ಹುಟ್ಟಿತು. ಮುಂದೆ ಕುಂದಾಪುರ ತಾಲ್ಲೂಕಿನ ಕೆಲವು ಪಂಚಾಯಿತಿಗಳಲ್ಲಿ ಮಕ್ಕಳು ತಮ್ಮದೇ ಪ್ರತಿನಿಧಿಗಳನ್ನು ಆರಿಸಿ ಮಕ್ಕಳ ಪಂಚಾಯಿತಿ ನಡೆಸಿದರು.

ಆ ಮಕ್ಕಳು ಕೇಳಿದವುಗಳಲ್ಲಿ ಕಾಲುಸಂಕವೂ ಒಂದು. ಮಳೆಗಾಲದಲ್ಲಿ ಹಳ್ಳ ಉಕ್ಕಿದರೆ ಆಚೆ ದಡದ ಮಗು ಶಾಲೆಗೆ ಬರುವಂತಿಲ್ಲ. ತಿಂಗಳುಗಟ್ಟಲೆ ತಪ್ಪಿದ ಶಾಲೆ ಕೊನೆಗೆ ಬಿಟ್ಟೇ ಹೋಗುತ್ತದೆ. ದೂರದಿಂದ ನೋಡಿದವರಿಗೆ ‘ಓದಿನಲ್ಲಿ ಆಸಕ್ತಿ ಇಲ್ಲದ ಮಗು’ ಎಂದು ಕಂಡದ್ದು ಹತ್ತಿರದಲ್ಲಿ ‘ಸಂಕವಿಲ್ಲದ ಹಳ್ಳ’ವಾಗಿತ್ತು. ಹುಡುಗಿ ಶಾಲೆ ಬಿಡಲು ಎಷ್ಟೋ ಕಡೆ ಸೌದೆ, ನೀರು, ತಮ್ಮ–ತಂಗಿಯರನ್ನು ನೋಡಿಕೊಳ್ಳುವ ಕೆಲಸವೇ ಕಾರಣವಾಗಿರುತ್ತದೆ. ಇಂಥದ್ದನ್ನು ಮಕ್ಕಳಷ್ಟು ಖಚಿತವಾಗಿ ಯಾವ ಸಮೀಕ್ಷೆಯೂ ಹೇಳಲಾರದು.

ಈಗ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಯಬೇಕೆಂಬ ನಿಯಮವಿದೆ. ಕೆಲವೆಡೆ ಅದು ಹಾರ, ಭಾಷಣ, ಬಿಸ್ಕತ್ತಿನಲ್ಲಿ ಮುಗಿಯುತ್ತದೆ. ದೊಡ್ಡವರು ನಾಲ್ಕು ಜನ ಹೋಗಿ ಕೂತು, ಮಕ್ಕಳು ಕೇಳಿದ್ದನ್ನು ಬರೆದುಕೊಂಡು, ಮುಂದಿನ ಸಭೆಯಲ್ಲಿ ‘ಅದೇನಾಯಿತು?’ ಎಂದು ಕೇಳಿದರೆ ಅದೇ ಸಭೆಗೆ ಜೀವ ಬರುತ್ತದೆ. ಮಕ್ಕಳನ್ನು ಬರೀ ಮರುಕದ ಕಣ್ಣಿನಿಂದ ನೋಡುವುದನ್ನು ಬಿಟ್ಟು ಅವರ ಮಾತು ಕೇಳಿಸಿಕೊಳ್ಳತೊಡಗಿದರೆ ನಮ್ಮ ಹತಾಶೆಯೂ ಎಷ್ಟೋ ಕಡಿಮೆಯಾಗುತ್ತದೆ.

ಒಂದು ಕರೆ ಮಾಡಿದ ಮೇಲೆ

ಹೋಟೆಲ್ ಹುಡುಗನಂಥ ಮಗು ಕಣ್ಣಿಗೆ ಬಿದ್ದಾಗ ಮಾಡಬೇಕಾದದ್ದೇನು? 1098ಕ್ಕೆ ಕರೆ ಮಾಡುವುದು. 1996ರಲ್ಲಿ ಮುಂಬೈಯಲ್ಲಿ ಜೆರೂ ಬಿಲಿಮೋರಿಯಾ ಅವರು ಶುರು ಮಾಡಿದ ಈ ಮಕ್ಕಳ ಸಹಾಯವಾಣಿಯನ್ನು 2023ರಿಂದ ಸರ್ಕಾರವೇ ‘ಮಿಷನ್ ವಾತ್ಸಲ್ಯ’ದಡಿ ನಡೆಸುತ್ತಿದೆ, 112 ತುರ್ತು ಸಂಖ್ಯೆಯ ಜೊತೆ ಜೋಡಿಸಿದೆ. ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ. ಜಾಗ ಯಾವುದು, ಮಗುವಿನ ವಯಸ್ಸು ಎಷ್ಟಿರಬಹುದು, ನೀವು ಕಂಡದ್ದೇನು ಎಂಬಿಷ್ಟು ಹೇಳಿದರೆ ಸಾಕು.

ಮಾಹಿತಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗುತ್ತದೆ. ರಕ್ಷಿಸಿದ ಮಗುವನ್ನು ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರ ಈ ಸಮಿತಿ ಮಗುವನ್ನು ಮಾತಾಡಿಸಿ, ಮನೆಗೆ ಕಳಿಸಬೇಕೋ ಬೇರೆ ವ್ಯವಸ್ಥೆ ಮಾಡಬೇಕೋ ತೀರ್ಮಾನಿಸುತ್ತದೆ. ಬಾಲಮಂದಿರಕ್ಕೆ ಸೇರಿಸುವುದು ಕೊನೆಯ ಆಯ್ಕೆಯಾಗಬೇಕು ಎನ್ನುವುದು ಕಾಯ್ದೆಯ ಮೂಲ ತತ್ವಗಳಲ್ಲೊಂದು.

14 ವರ್ಷದೊಳಗಿನ ಮಗುವನ್ನು ದುಡಿಮೆಗೆ ಇಟ್ಟುಕೊಳ್ಳುವುದು 2016ರ ತಿದ್ದುಪಡಿಯ ನಂತರ ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಬಹುದಾದ ಅಪರಾಧ. ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, 20 ಸಾವಿರದಿಂದ 50 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೊಲೀಸರಿಗೆ ತಿಳಿಸುವುದನ್ನು 2012ರ ಪೋಕ್ಸೊ ಕಾಯ್ದೆ ಕಡ್ಡಾಯ ಮಾಡಿದೆ. ‘ನಮಗ್ಯಾಕೆ ಊರ ಉಸಾಬರಿ’ ಎನ್ನುವಂತಿಲ್ಲ. ಬಾಲ್ಯವಿವಾಹದ ಸುಳಿವು ಸಿಕ್ಕರೂ 1098ಕ್ಕೆ ತಿಳಿಸಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20–24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು.

ಮಾಡಬಾರದ್ದೂ ಒಂದಿದೆ. ಮಗುವಿನ ಫೋಟೊ, ವಿಡಿಯೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು. ರಕ್ಷಣೆ ಬೇಕಿರುವ ಮಗುವಿನ ಗುರುತು ಬಹಿರಂಗಪಡಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸಿದೆ. ಶಿಕ್ಷೆಯ ಮಾತು ಬಿಡಿ. ಆ ಮಗು ನಾಳೆ ದೊಡ್ಡದಾಗಿ, ತನ್ನ ಬದುಕು ಕಟ್ಟಿಕೊಂಡ ಮೇಲೂ ಆ ಚಿತ್ರ ಅದನ್ನು ಹಿಂಬಾಲಿಸುತ್ತಲೇ ಇರುತ್ತದೆ.

ಕರೆ ಮಾಡಿದ ಕೂಡಲೇ ಎಲ್ಲವೂ ಸರಿಹೋಗುತ್ತದೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಮಗುವಿನ ದುಡಿಮೆಯ ಹಿಂದೆ ಸಾಲ ಇರುತ್ತದೆ. ರಾಮನಗರ, ಮಾಗಡಿಯ ರೇಷ್ಮೆ ಘಟಕಗಳಲ್ಲಿ ತಂದೆ–ತಾಯಿ ಪಡೆದ ಮುಂಗಡಕ್ಕೆ ಮಕ್ಕಳು ಜೀತ ಮಾಡುತ್ತಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ವಿಸ್ತಾರವಾಗಿ ವರದಿ ಮಾಡಿತ್ತು. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದು ಆಗಲೇ ಕಾಲು ಶತಮಾನ ಕಳೆದಿತ್ತು. ಸಾಲ ತೀರದೆ, ಶಾಲೆ ಕೈಹಿಡಿಯದೆ ಹೋದರೆ ಬಿಡಿಸಿ ತಂದ ಮಗು ಮತ್ತೆ ಕೆಲಸಕ್ಕೆ ಹೋಗುತ್ತದೆ. ಈಗಿನ ತೆಲಂಗಾಣದ ರಂಗಾರೆಡ್ಡಿ ಜಿಲ್ಲೆಯಲ್ಲಿ ಎಂ.ವಿ. ಫೌಂಡೇಷನ್ ಮೂಲಕ ಕೆಲಸ ಮಾಡಿ 2003ರಲ್ಲಿ ಮ್ಯಾಗ್ಸೆಸೆ ಪುರಸ್ಕಾರ ಪಡೆದ ಶಾಂತಾ ಸಿನ್ಹಾ ಅವರು ಅದಕ್ಕೇ ದುಡಿಮೆಯಿಂದ ಬಂದ ಮಕ್ಕಳನ್ನು ಸೇತುಬಂಧ ಶಿಬಿರಗಳಲ್ಲಿ ಓದಿಗೆ ಸಜ್ಜುಗೊಳಿಸಿ, ಅವರವರ ವಯಸ್ಸಿನ ತರಗತಿಗೇ ಸೇರಿಸುವ ಕ್ರಮ ಅನುಸರಿಸಿದರು. ಊರಿಗೆ ಊರೇ ‘ನಮ್ಮಲ್ಲಿ ಯಾವ ಮಗುವೂ ದುಡಿಯಬಾರದು’ ಎಂದು ತೀರ್ಮಾನಿಸುವಂತೆ ಮಾಡಿದರು. ಆ ನಿಧಾನದ ಕೆಲಸಕ್ಕೆ ಬದಲಿಯಿಲ್ಲ.

ದಿನವೂ ಇದೇ ನೋಡುವವರು

ನಾವು ಆಗೊಮ್ಮೆ ಈಗೊಮ್ಮೆ ಕಾಣುವುದನ್ನು ದಿನವೂ ಕಾಣುವವರಿದ್ದಾರೆ. ತೂಕ ಏರದ ಕೂಸನ್ನು ತಿಂಗಳು ತಿಂಗಳೂ ತಕ್ಕಡಿಯಲ್ಲಿ ಮಲಗಿಸುವ ಅಂಗನವಾಡಿ ಟೀಚರ್, ಹದಿನಾರರ ಹುಡುಗಿಯ ತಾಯಿ ಕಾರ್ಡು ಬರೆಯುವ ಆಶಾ ಕಾರ್ಯಕರ್ತೆ, ಸಹಾಯವಾಣಿಯಲ್ಲಿ ಕೂತವರು, ಬಾಲಮಂದಿರದ ಆಪ್ತ ಸಮಾಲೋಚಕಿ, ಸರ್ಕಾರಿ ಶಾಲೆಯ ಮೇಷ್ಟ್ರು. ಇತರರ ಆಘಾತವನ್ನು ಸತತವಾಗಿ ಕೇಳುವವರಲ್ಲಿ ಆ ಆಘಾತದ ಲಕ್ಷಣಗಳೇ ಕಾಣಿಸಿಕೊಳ್ಳುತ್ತವೆ ಎಂದು ಚಾರ್ಲ್ಸ್ ಫಿಗ್ಲೆ 1995ರಲ್ಲೇ ವಿವರಿಸಿದ್ದರು. ನಿದ್ದೆಗೆಡುವುದು, ಸಣ್ಣದಕ್ಕೂ ಸಿಡುಕುವುದು, ಕೇಳಿದ ಘಟನೆ ಕಣ್ಣಮುಂದೆ ಮರುಕಳಿಸುವುದು, ಕೊನೆಗೆ ಏನೂ ಅನ್ನಿಸದ ಹಾಗಾಗುವುದು.

ಇವರಿಗೆ ‘ಯೋಗ ಮಾಡಿ’ ಎಂಬ ಉಪದೇಶವೊಂದೇ ಸಾಲದು. ಒಬ್ಬರ ತಲೆಯ ಮೇಲೆ ಮೂವರ ಕೆಲಸ ಹೇರಿ, ಗೌರವಧನಕ್ಕಾಗಿ ಧರಣಿ ಕೂರಿಸಿ, ಆಮೇಲೆ ಮನಶ್ಶಾಂತಿಯ ಶಿಬಿರ ಏರ್ಪಡಿಸುವುದು ಅನ್ಯಾಯ. ಅವರಿಗೆ ಬೇಕಿರುವುದು ಹೊತ್ತಿಗೆ ಸರಿಯಾದ ಸಂಬಳ, ರಜೆ, ಕಷ್ಟದ ಪ್ರಕರಣವನ್ನು ಹಂಚಿಕೊಳ್ಳಲು ಮೇಲಿನವರ ಕಿವಿ. ಮಕ್ಕಳ ಕಾಳಜಿ ಎನ್ನುವ ಸರ್ಕಾರ ಮಕ್ಕಳನ್ನು ಕಾಯುವವರ ಕಾಳಜಿಯಿಂದ ಶುರು ಮಾಡಬೇಕು.

ಅವರಾಗಲಿ, ಸುದ್ದಿ ಓದಿಯೇ ಕಂಗೆಟ್ಟವರಾಗಲಿ, ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಭಾರ ಎನ್ನಿಸಿದರೆ ಸಹಾಯ ಕೇಳಲು ಹಿಂಜರಿಯಬಾರದು. 2022ರ ಅಕ್ಟೋಬರ್ 10ರಂದು ಶುರುವಾದ, ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ‘ಟೆಲಿ ಮಾನಸ್’ ಸೇವೆಯ ಸಂಖ್ಯೆ 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಓದುಗರಲ್ಲಿ ಒಂದು ಮನವಿ. 1098 ಮತ್ತು 14416, ಈ ಎರಡು ಸಂಖ್ಯೆಗಳನ್ನು ಇವತ್ತೇ ನಿಮ್ಮ ಮೊಬೈಲಿನಲ್ಲಿ ಉಳಿಸಿಕೊಳ್ಳಿ. ನಿಮ್ಮ ಊರಿನ ಮಕ್ಕಳ ಗ್ರಾಮ ಸಭೆ ಯಾವಾಗ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ. ಹೋಗುವಾಗ ನೆರೆಮನೆಯವರನ್ನೂ ಕರೆದುಕೊಂಡು ಹೋಗಿ.